ಮುಚ್ಚಳಿಕೆಗೆ ಸಾಕ್ಷಿ ಯಾರು?

ಗಂಡನ ಮನೆಯವರು ಪೊಲೀಸ್ ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಡುವುದನ್ನು ನಾವು ಎಷ್ಟು ಸಲ ನೋಡಿಲ್ಲ? "ಇನ್ನು ಮೇಲೆ ಹೊಡೆಯುವುದಿಲ್ಲ, ವರದಕ್ಷಿಣೆ ಕೇಳುವುದಿಲ್ಲ." ಹುಡುಗಿಯ ತಂದೆ ಕಣ್ಣೊರೆಸಿಕೊಂಡು ಸಹಿ ಹಾಕುತ್ತಾನೆ. ಆರು ತಿಂಗಳಿಗೆ ಅದೇ ಹುಡುಗಿ ಮತ್ತೆ ಅದೇ ಠಾಣೆಯ ಬಾಗಿಲಿಗೆ ಬರುತ್ತಾಳೆ. ಯಾವ ಮುಚ್ಚಳಿಕೆ ಉಳಿಯುತ್ತದೆ? ಊರಿನ ನಾಲ್ಕು ಹೆಂಗಸರು ಸಾಕ್ಷಿ ಹಾಕಿದ್ದು, ವಾರಕ್ಕೊಮ್ಮೆ ಆ ಮನೆಗೆ ಹೋಗಿ ವಿಚಾರಿಸಿದ್ದು, ತಪ್ಪಿದರೆ ಕೇಸಾಗುತ್ತದೆ ಎಂಬ ಭಯ ಹಿಂದೆ ಇದ್ದದ್ದು. ಈ ಪಾಠವನ್ನು ನಾವು ಇಷ್ಟು ದಿನ ಮನೆಯೊಳಗಿನ ದೌರ್ಜನ್ಯಕ್ಕೆ ಮಾತ್ರ ಬಳಸಿದ್ದೇವೆ. ನಮ್ಮ ಸಂಡೂರಿನಲ್ಲಿ ಅದನ್ನು ಗಣಿ ಕಂಪನಿಗಳ ಮಾತಿಗೂ ಬಳಸಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ನಮ್ಮ ಸಂಘಕ್ಕೆ ಹೊಲಿಗೆ ಯಂತ್ರ ಕೊಟ್ಟರು. ಹಾರ ಹಾಕಿದರು, ಫೋಟೊ ತೆಗೆದರು. "ಇಲ್ಲೊಂದು ಸಹಿ ಮಾಡ್ರಮ್ಮ, ರಸೀದಿ ಅಷ್ಟೆ" ಅಂದರು. ಓದದೆ ಮಾಡಿದೆ. ಮರುವರ್ಷ ಗಣಿ ರಸ್ತೆ ಗುಡಿಸುವ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಸದಸ್ಯೆಯೊಬ್ಬಳನ್ನು ಗುತ್ತಿಗೆದಾರನ ಮೇಸ್ತ್ರಿ ಕೈಹಿಡಿದು ಎಳೆದ. ದೂರು ಹೇಳಲು ಇಬ್ಬರೂ ಹೋದೆವು. ಆಫೀಸಿನವರು ಆ ರಸೀದಿಯನ್ನೇ ತೆಗೆದು ಮುಂದಿಟ್ಟರು. ಕಂಪನಿಯ ಮೇಲೆ ನಮ್ಮ ಯಾವ ದೂರೂ ಇಲ್ಲವೆಂದು ಕೆಳಗೆ ಅಚ್ಚಾಗಿತ್ತು. "ಅಕ್ಕಾ, ಇದರಾಗ ನಿನ್ನ ಸಹಿ ಐತಲ್ಲ" ಎಂದು ಅವಳು ನನ್ನ ಮುಖ ನೋಡಿದಳು. ವಿಷಯ ಮನೆಗೆ ಮುಟ್ಟಿತು. "ನೀನೇ ಏನೋ ಮಾಡಿರಬೇಕು" ಎಂದು ಗಂಡ ಹೊಡೆದ. ಕೂಲಿಯೂ ಹೋಯಿತು.

ಅಂಥ ರಸೀದಿ ಕಾನೂನು ಕೊಟ್ಟ ಹಕ್ಕನ್ನು ಕಸಿಯಲಾರದು ಎಂದು ವಕೀಲರೊಬ್ಬರು ತಿಳಿಸಿದ್ದು ತಡವಾಗಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿ ಗುತ್ತಿಗೆ ಕೆಲಸದವಳೂ ದೂರು ಕೊಡಬಹುದು. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ನಮಗೆ ಇದು ಗೊತ್ತಾಗುವಷ್ಟರಲ್ಲಿ ಆ ಗಡುವೆಲ್ಲ ಮುಗಿದಿತ್ತು.

ಈಗ ದೊಡ್ಡ ಕಂಪನಿಗಳ ಬಾಯಲ್ಲಿ ಮಾನವ ಹಕ್ಕು, ಪರಿಸರ ಎಂಬ ಮಾತುಗಳು ಬಂದಿವೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆದರೆ ನಾಲ್ಕು ಕಂಪನಿ ಒಟ್ಟಾಗಿ ಹೆಂಗಸರ ಸುರಕ್ಷತೆಗೆ ಬರಹದಲ್ಲಿ ಹೊಣೆ ಹೊರಿ ಎಂದರೆ ಅವರ ವಕೀಲರು ಎರಡು ಭಯ ಮುಂದಿಡುತ್ತಾರೆ. ಬರೆದುಕೊಟ್ಟರೆ ನಾಳೆ ಕೋರ್ಟಿನಲ್ಲಿ ಅದೇ ನಮಗೆ ಉರುಳಾಗುತ್ತದೆ ಎಂಬುದು ಒಂದು. ಪೈಪೋಟಿಯ ಕಂಪನಿಗಳು ಕೂಡಿ ಕೂತರೆ 2002ರ ಸ್ಪರ್ಧಾ ಕಾಯಿದೆ ಅಡ್ಡ ಬರುತ್ತದೆ ಎಂಬುದು ಇನ್ನೊಂದು.

ಈ ಭಯ ಪೂರ್ತಿ ಸುಳ್ಳಲ್ಲ. ಸ್ಪರ್ಧಾ ಕಾಯಿದೆ ಒಳಗೊಳಗೆ ಬೆಲೆ ಗೊತ್ತು ಮಾಡುವುದನ್ನು, ಉತ್ಪಾದನೆ ತಗ್ಗಿಸುವುದನ್ನು, ಮಾರುಕಟ್ಟೆ ಹಂಚಿಕೊಳ್ಳುವುದನ್ನು, ಟೆಂಡರಿನಲ್ಲಿ ಶಾಮೀಲಾಗುವುದನ್ನು ತಡೆಯುತ್ತದೆ. ಶೌಚಾಲಯ, ದೂಳು, ದೂರು ಸಮಿತಿಯ ಬಗ್ಗೆ ಕೂಡಿ ಮಾತಾಡುವುದು ಇದಾವುದೂ ಅಲ್ಲ. ಸಭೆಯ ವಿಷಯ ಮೊದಲೇ ಬರೆದಿಡಲಿ, ವಕೀಲರು ಕೂತಿರಲಿ, ಅದಿರಿನ ಬೆಲೆಯ ಮಾತು ಎತ್ತದಿರಲಿ. 2013ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜೀವ ಹೋದವು. ಆಮೇಲೆ ಒಬ್ಬರಿಗೊಬ್ಬರು ಪೈಪೋಟಿಯಾದ 200ಕ್ಕೂ ಹೆಚ್ಚು ಬಟ್ಟೆ ಕಂಪನಿಗಳು ಕಾರ್ಮಿಕ ಸಂಘಗಳ ಜೊತೆ, ಕಾನೂನಿನಂತೆ ಕಟ್ಟುಬೀಳುವ ಒಪ್ಪಂದಕ್ಕೆ ಸಹಿ ಹಾಕಿದವು. ಅವರಿಗೆ ಸಾಧ್ಯವಾದದ್ದು ಇಲ್ಲಿ ಯಾಕಾಗದು?

ಕಟ್ಟುಬಿದ್ದರೆ ಮಾತ್ರ ಕೆಲಸ ಆಗುತ್ತದೆ ಎಂಬುದಕ್ಕೆ ನಮ್ಮ ಗುಡ್ಡಗಳೇ ಸಾಕ್ಷಿ. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣ ಅದಿರು ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪು 'ಸಿ' ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿತು. 'ಬಿ' ವರ್ಗದವರು ಅಕ್ರಮವಾಗಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ ಕಟ್ಟಬೇಕಾಯಿತು. ಗುಡ್ಡ ಸರಿಪಡಿಸುವ ಯೋಜನೆಗೆ ಒಪ್ಪದೆ ಗಣಿ ಮತ್ತೆ ತೆರೆಯುವಂತಿರಲಿಲ್ಲ. ಕಂಪನಿಗಳಿಂದ ಬಂದ ಹಣ ಒಂದೇ ಕಡೆ ಸೇರಿ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ ನಿಗಮವೇ ಆಯಿತು. ಬರೀ ಮನವಿಪತ್ರದಿಂದ ಇದು ಆಗುತ್ತಿತ್ತೇ?

ಆದರೆ ಆ ಲೆಕ್ಕದಲ್ಲಿ ಗುಂಡಿ ಅಳೆದರು, ಗಿಡ ಎಣಿಸಿದರು. ಗಣಿ ನಿಂತು ಕೂಲಿಯಿಲ್ಲದೆ ಗಂಡಸರು ಮನೆಯಲ್ಲಿ ಕೂತಾಗ ಹೆಂಗಸರ ಬೆನ್ನ ಮೇಲೆ ಬಿದ್ದ ಏಟನ್ನು ಅಳೆದವರು ಯಾರು? ಲಾರಿ ದುಡ್ಡಿನ ಕಾಲದಲ್ಲಿ ಏರಿದ ವರದಕ್ಷಿಣೆ ಲಾರಿ ನಿಂತ ಮೇಲೆ ಇಳಿಯಿತೇ? ನಮ್ಮ ಸಂಘಕ್ಕೆ ಬಂದ ಹೆಣ್ಣುಮಕ್ಕಳನ್ನು ಕೇಳಿದರೆ, ಇಳಿಯಲಿಲ್ಲ.

ಹೆಂಗಸರನ್ನು ಲೆಕ್ಕಕ್ಕೆ ತೆಗೆದುಕೊಂಡ ಒಪ್ಪಂದ ಪಕ್ಕದ ತಮಿಳುನಾಡಿನಲ್ಲಿ ಆಯಿತು. ದಿಂಡಿಗಲ್ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ದಲಿತ ಯುವತಿಯೊಬ್ಬಳ ಕೊಲೆ 2021ರ ಜನವರಿಯಲ್ಲಿ ಆಯಿತು, ಮೇಲ್ವಿಚಾರಕನೇ ಆರೋಪಿ. ದಲಿತ ಹೆಣ್ಣುಮಕ್ಕಳು ಮುನ್ನಡೆಸುವ ಕಾರ್ಮಿಕ ಸಂಘ ಪಟ್ಟು ಬಿಡಲಿಲ್ಲ. 2022ರಲ್ಲಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಕಂಪನಿ ಸಂಘದ ಜೊತೆ ಒಪ್ಪಂದಕ್ಕೆ ಬಂತು. ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಎಂಬ ಖರೀದಿದಾರ ಕಂಪನಿಗಳೂ ಕಟ್ಟುಬಿದ್ದವು. ಕಾರ್ಖಾನೆ ಮಾತಿಗೆ ತಪ್ಪಿದರೆ ವ್ಯಾಪಾರಕ್ಕೇ ಪೆಟ್ಟು ಎಂಬುದು ಬರಹದಲ್ಲಿತ್ತು. ಕಾರ್ಖಾನೆಯೊಳಗೆ ಕಣ್ಣಿಡಲು ಕೆಲಸದ ಹೆಂಗಸರಿಗೇ ತರಬೇತಿ ಸಿಕ್ಕಿತು.

ಗೆಳತಿಯರೇ, ಕಂಪನಿಯವರು ಹಳೆಯ ತಪ್ಪನ್ನೆಲ್ಲ ಒಪ್ಪಿಕೊಳ್ಳಲಿ ಎಂದು ನಾನು ಕೇಳುತ್ತಿಲ್ಲ. ನಾಳೆಯ ಹೊಣೆಯನ್ನು ಬರೆದುಕೊಡಲಿ. ಗುತ್ತಿಗೆದಾರನ ಕೂಲಿಗೂ ಸೇರುವ ದೂರು ಸಮಿತಿ ಇರಲಿ, ಸಮಿತಿಯವರ ಹೆಸರು ಗಣಿ ಗೇಟಿನಲ್ಲಿ ಕನ್ನಡದಲ್ಲಿರಲಿ. ದೂರು ಕೊಟ್ಟವಳ ಕೂಲಿ ತಪ್ಪದಿರಲಿ. ಒಂದು ಗಣಿಯಲ್ಲಿ ಕಿರುಕುಳ ಕೊಟ್ಟು ಸಿಕ್ಕಿಬಿದ್ದ ಮೇಸ್ತ್ರಿಗೆ ಪಕ್ಕದ ಗಣಿಯಲ್ಲಿ ಕೆಲಸ ಸಿಗದಿರಲಿ. ಕಂಪನಿಗಳು ಕೂಡಬೇಕಾದ್ದು ಇದಕ್ಕೇ. ಹೊಡೆತ ತಿಂದು ಬರುವ ಹೆಂಗಸಿಗೆ ಸಾಂತ್ವನ ಕೇಂದ್ರ, ತಂಗಲು ಜಾಗ ಬೇಕು ಎಂದು ಗ್ರಾಮಸಭೆಯಲ್ಲಿ ಕೇಳೋಣ. 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಮಹಿಳೆ ಮತ್ತು ಮಕ್ಕಳ ಕಲ್ಯಾಣವೂ ಆದ್ಯತೆಯ ವಿಷಯವೇ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆಯಿರಿ: ಯಾರೇ ಕಾಗದ ತಂದರೂ ಎಲ್ಲರೆದುರು ಗಟ್ಟಿಯಾಗಿ ಓದಿಸದೆ ನಮ್ಮ ಸಂಘದವರು ಸಹಿ ಹಾಕುವುದಿಲ್ಲ, ಹೆಬ್ಬೆಟ್ಟು ಒತ್ತುವುದಿಲ್ಲ. ನಮ್ಮ ಸಂಘದಲ್ಲಿ ಅದನ್ನು ಬರೆದಿದ್ದೇವೆ. ಅದರ ಕೆಳಗಿನ ಮೊದಲ ಸಹಿ, ಅಂದು ನನ್ನ ಮುಖ ನೋಡಿದವಳದು.