ನೆಂಟರು ಬರುವ ಬೇಸಿಗೆಯಲ್ಲಿ ದಸ್ತರ್‌ಖಾನ್

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಮನೆಗಳಿಗೆ ನೆಂಟರು ಬರತೊಡಗುತ್ತಾರೆ. ಹುಬ್ಬಳ್ಳಿಯ ಬಿಸಿಲು ತಾಳಲಾರದೆ ಬರುವವರು, ಭಟ್ಕಳ, ಕುಮಟಾದ ಸೆಕೆಗೆ ಬೇಸತ್ತು ಘಟ್ಟ ಹತ್ತಿ ಬರುವವರು, ತವರಿಗೆ ಬರುವ ಹೆಣ್ಣುಮಕ್ಕಳು, ಅವರ ಹಿಂದೆ ಮಕ್ಕಳ ದಂಡು. ಇತ್ತೀಚಿನ ವರ್ಷಗಳಲ್ಲಿ ಬಕ್ರೀದ್ ಕೂಡಾ ಬೇಸಿಗೆಯ ಕೊನೆಗೇ ಬರುತ್ತಿದೆ. 2025ರಲ್ಲಿ ಅದು ಜೂನ್ 7ರಂದು ಬಂದಿತ್ತು.

ಆಗ ಮನೆಯೊಡತಿಗೆ ಅಡುಗೆಗಿಂತ ದೊಡ್ಡ ಚಿಂತೆಯೊಂದು ಈಗ ಅಂಟಿಕೊಂಡಿದೆ. ಊಟದ ಮೇಜು ಚೆನ್ನಾಗಿ ಕಾಣಬೇಕು! ಮೊಬೈಲಿನಲ್ಲಿ ನೋಡಿದಂತೆ ನಡುವೆ ಹೂದಾನಿ, ಉದ್ದಕ್ಕೂ ಜರಿಯ ಪಟ್ಟಿ, ತಟ್ಟೆಯ ಪಕ್ಕ ಹೂವಿನಂತೆ ಮಡಚಿದ ಕರವಸ್ತ್ರ. ಇದಕ್ಕಾಗಿ ಕಂತಿನ ಮೇಲೆ ಡೈನಿಂಗ್ ಟೇಬಲ್ ಕೊಳ್ಳುವವರಿದ್ದಾರೆ. "ನಮ್ಮಲ್ಲಿ ಟೇಬಲ್ಲೇ ಇಲ್ಲ, ಬೀಗರನ್ನು ಕರೆಯುವುದು ಹೇಗೆ?" ಎಂದು ಕರೆಯುವುದನ್ನೇ ಮುಂದೂಡುವವರೂ ಇದ್ದಾರೆ. ಈ ಎರಡನೆಯವರಿಗಾಗಿಯೇ ಈ ತಿಂಗಳ ಬರಹ.

ಪ್ರವಾದಿವರ್ಯರು(ಸ) ಎತ್ತರದ ಊಟದ ಮೇಜಿನ ಮೇಲೆ ಉಂಡವರಲ್ಲ ಎಂದು ಹಝ್ರತ್ ಅನಸ್(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಹಾಗಾದರೆ ಯಾವುದರ ಮೇಲೆ ಉಣ್ಣುತ್ತಿದ್ದರು ಎಂದು ಅವರ ಶಿಷ್ಯ ಕತಾದರನ್ನು ಕೇಳಿದಾಗ ಬಂದ ಉತ್ತರ, ಸುಫ್ರಾದ ಮೇಲೆ. ಸುಫ್ರಾ ಎಂದರೆ ಮೂಲದಲ್ಲಿ 'ಸಫರ್' ಅಂದರೆ ಪ್ರಯಾಣದ ಬುತ್ತಿ. ಆಮೇಲೆ ಆ ಬುತ್ತಿ ಕಟ್ಟಿದ ತೊಗಲಿಗೂ ಅದೇ ಹೆಸರಾಯಿತು. ಬಿಚ್ಚಿ ಹಾಸಿದರೆ ಅದೇ ಊಟದ ಹಾಸು. ಕುರ್‌ಆನಿನ ಐದನೆಯ ಅಧ್ಯಾಯದ ಹೆಸರು 'ಅಲ್ ಮಾಇದಾ', ಆಹಾರ ಬಡಿಸಿದ ಹಾಸು ಅಥವಾ ಹರಿವಾಣ. ಹಝ್ರತ್ ಈಸಾ(ಅ)ರ ಶಿಷ್ಯರು ಆಕಾಶದಿಂದ ಇಳಿಯಲೆಂದು ಬೇಡಿದ್ದು ಅದನ್ನೇ.

ಹಾಗೆಂದು ಮೇಜು ನಿಷಿದ್ಧವೇನಲ್ಲ. ಪ್ರವಾದಿವರ್ಯರ(ಸ) ನಂತರ ಬಂದ ನಾಲ್ಕು ಹೊಸ ಸಂಗತಿಗಳನ್ನು ಇಮಾಮ್ ಗಝ್ಝಾಲಿ ತಮ್ಮ 'ಇಹ್ಯಾ'ದಲ್ಲಿ ಹೆಸರಿಸುತ್ತಾರೆ: ಊಟದ ಮೇಜು, ಹಿಟ್ಟಿನ ಜರಡಿ, ಕೈತೊಳೆಯುವ ಪುಡಿ ಮತ್ತು ಹೊಟ್ಟೆ ಬಿರಿಯುವಂತೆ ಉಣ್ಣುವುದು. ಮೇಜು ತಪ್ಪಲ್ಲ ಎನ್ನುವ ಅವರು ಈ ನಾಲ್ಕರಲ್ಲಿ ಕೊನೆಯದೇ ಕೆಟ್ಟದ್ದು ಎನ್ನುತ್ತಾರೆ. ಮಂಡಿನೋವಿನ ಅಜ್ಜಿಗೆ, ತುಂಬು ಗರ್ಭಿಣಿಗೆ ಕುರ್ಚಿ ಬೇಕೇ ಬೇಕು. ಅವರನ್ನು ನೆಲಕ್ಕೆ ಕೂರಿಸುವುದು ಸತ್ಕಾರವಲ್ಲ.

ನನ್ನ ತಕರಾರು ಬೇರೆ. ಟೇಬಲ್ಲಿಗೆ ಆರು ಕುರ್ಚಿ. ನೆಂಟರು ಹದಿನಾಲ್ಕು ಜನ. ಮೊದಲ ಪಂಕ್ತಿ ಗಂಡಸರದು, ಎರಡನೆಯದು ಮಕ್ಕಳದು, ಮೂರನೆಯದು ನೆಂಟರ ಮನೆಯ ಹೆಂಗಸರದು. ಪ್ರತಿ ಸಲವೂ ಒರೆಸು, ತಟ್ಟೆ ಜೋಡಿಸು, ಬಿಸಿ ಮಾಡು. ಮನೆಯ ಸೊಸೆ ಮೂರೂವರೆಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ತಳ ಹಿಡಿದ ಬಿರಿಯಾನಿ ಕೆರೆದು ತಿನ್ನುತ್ತಾಳೆ. ಆರು ಗಜದ ಬಟ್ಟೆಯೊಂದನ್ನು ಪಡಸಾಲೆಯಲ್ಲಿ ಹಾಸಿ, ಒಳಕೋಣೆಯಲ್ಲಿ ಇನ್ನೊಂದನ್ನು ಹಾಸಿದರೆ ಎಲ್ಲರೂ ಒಂದೇ ಹೊತ್ತಿಗೆ ಕೂರಬಹುದು. ಹದಿನೈದನೆಯವರು ಬಂದರೆ ಸ್ವಲ್ಪ ಸರಿದರಾಯಿತು. ಕುರ್ಚಿ ಸರಿಯುವುದಿಲ್ಲ ನೋಡಿ!

ಇನ್ನು ಅಲಂಕಾರದ ಮಾತು. ನಮ್ಮ ತಾಯಂದಿರ ಪೆಟ್ಟಿಗೆಯಲ್ಲಿ ಅದು ಮೊದಲೇ ಇದೆ. ಕ್ರೋಶಾ ಕಡ್ಡಿಯಿಂದ ಹೆಣೆದು, ಅಂಚಿಗೆ ಮಣಿ ಪೋಣಿಸಿದ ದುಂಡನೆಯ ಬಲೆಯ ಮುಚ್ಚಳ ನೆನಪಿದೆಯೇ? ಶರಬತ್ತಿನ ಜಗ್ಗಿಗೆ, ಹಾಲಿನ ಪಾತ್ರೆಗೆ ಹೊದಿಸುತ್ತಿದ್ದರು. ಮಣಿಯ ಭಾರಕ್ಕೆ ಗಾಳಿಗೆ ಹಾರುವುದಿಲ್ಲ, ಮಾವು-ಹಲಸಿನ ಕಾಲದ ನೊಣ ಕೂರುವುದಿಲ್ಲ. ಹರಿವಾಣಕ್ಕೆ ಹೊದಿಸುವ ಕಸೂತಿಯ ಖಾನ್‌ಪೋಶ್ ಕೂಡಾ ಇದೇ ಜಾತಿಯದು. ಪಾತ್ರೆಗಳನ್ನು ಮುಚ್ಚಿಡಿ, ಏನೂ ಸಿಗದಿದ್ದರೆ ಅಡ್ಡಲಾಗಿ ಒಂದು ಕಡ್ಡಿಯನ್ನಾದರೂ ಇಡಿ ಎಂಬ ಪ್ರವಾದಿ ಆದೇಶವನ್ನು ನಮ್ಮ ಅಜ್ಜಿಯಂದಿರು ಹೀಗೆ ಚಂದ ಮಾಡಿಕೊಂಡಿದ್ದರು. ರಜೆಯಲ್ಲಿ ಹೆಣ್ಣುಮಕ್ಕಳಿಗೆ, ಬೇಕಾದರೆ ಗಂಡುಮಕ್ಕಳಿಗೂ, ಒಂದು ಮುಚ್ಚಳ ಹೆಣೆಯಲು ಕಲಿಸಿ. ಮಾರುಕಟ್ಟೆಯ ಹೂದಾನಿಗಿಂತ ನೆಂಟರ ಕಣ್ಣು ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಬಣ್ಣ ಬೇಕೆಂದರೆ ಮುರುಗಲು ಹಣ್ಣಿದೆ. ಮಂಗಳೂರು ಕಡೆಯ ಓದುಗರು ಪುನರ್ಪುಳಿ ಎನ್ನುತ್ತಾರಲ್ಲ, ಅದೇ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಾಡಂಚಿನಲ್ಲಿ ಹಣ್ಣಾಗುತ್ತದೆ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆಯನ್ನು ಗಾಜಿನ ಭರಣಿಯಲ್ಲಿ ಪದರ ಪದರವಾಗಿ ಹಾಕಿ ಒಂದು ವಾರ ಬಿಸಿಲಿಗಿಟ್ಟರೆ ಕಡುಗೆಂಪು ಪಾಕ ಇಳಿಯುತ್ತದೆ. ಮಡಕೆಯ ತಣ್ಣೀರು ಬೆರೆಸಿ, ನೆನೆಸಿದ ಸಬ್ಜಾ ಬೀಜ ತೇಲಿಸಿ, ಬಣ್ಣವಿಲ್ಲದ ಗಾಜಿನ ಲೋಟಗಳಲ್ಲಿ ಬಿಳಿ ಹಾಸಿನ ಮೇಲಿಟ್ಟು ನೋಡಿ. ಬೇರೆ ಅಲಂಕಾರ ಬೇಡವೇ ಬೇಡ. ಒಂದು ಎಚ್ಚರ: ಹಳೆಯ ತಾಮ್ರದ ಹೂಜಿ ನೋಡಲು ಚಂದವೆಂದು ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆಯಲ್ಲಿ ಈ ಹುಳಿಯನ್ನು ಹಾಕಬೇಡಿ. ಹುಳಿಗೆ ಲೋಹ ಬಿಡುತ್ತದೆ, ಹೊಟ್ಟೆ ಕೆಡುತ್ತದೆ. ಹೂಜಿಯಲ್ಲಿ ನೀರಿರಲಿ.

ಸುರುಳಿಯಿಂದ ಬಿಚ್ಚಿ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಹಲವರು ಅನುಕೂಲವೆನ್ನುತ್ತಾರೆ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ತಟ್ಟೆ, ಲೋಟ, ಚಮಚಗಳೊಂದಿಗೆ ಹೆಸರಿಸಿಯೇ ಕರ್ನಾಟಕ ಸರಕಾರ 2016ರಲ್ಲಿ ನಿಷೇಧಿಸಿದೆ. ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ 2022ರ ಜುಲೈ 1ರಿಂದ ದೇಶದೆಲ್ಲೆಡೆ ನಿಷೇಧವಿದೆ. ಕಾನೂನಿನ ಮಾತು ಬಿಡಿ, ಸೆಕೆಗೆ ಬೆವರಿದ ಮೊಣಕಾಲಿಗೆ ಅಂಟುವ ಆ ಹಾಳೆಯ ಮೇಲೆ ಕೂತು ಉಣ್ಣುವುದೇ ಹಿಂಸೆ.

ಅಡಿಕೆ ತೋಟಗಳ ನಾಡಿನಲ್ಲಿದ್ದುಕೊಂಡು ನಾವು ಅದನ್ನೇಕೆ ಕೊಳ್ಳಬೇಕು? ಉದುರಿದ ಹಾಳೆಯನ್ನು ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಸಾರು ಹಾಕಿದರೂ ಬೇಗ ಸೋರುವುದಿಲ್ಲ. ಬಾಳೆಯೆಲೆ ಇದ್ದರೆ ಇನ್ನೂ ತಂಪು, ಹಸಿರು ಬೇರೆ. ಇವುಗಳಲ್ಲಿ ಉಂಡರೆ ತೊಳೆಯುವ ನೀರು ಉಳಿಯುತ್ತದೆ. ಮಳೆಗಾಲದಲ್ಲಿ ಧೋ ಎಂದು ಸುರಿಯುವ ನಮ್ಮೂರುಗಳಲ್ಲೂ ಮೇ ತಿಂಗಳಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಹದಿನಾಲ್ಕು ಜನರ ಸ್ಟೀಲಿನ ತಟ್ಟೆ, ಬಟ್ಟಲು ತೊಳೆಯುವ ನೀರನ್ನು ಸೇದುವವರು ಯಾರು? ಮೂರೂವರೆಗೆ ಉಂಡ ಅದೇ ಸೊಸೆ. ಉಂಡೆದ್ದ ಬಾಳೆಯೆಲೆ ನೆರೆಮನೆಯ ದನಕ್ಕೆ, ಹಾಳೆ ತಟ್ಟೆ ತೆಂಗಿನ ಬುಡಕ್ಕೆ.

ಹೂವಿನ ಬಗ್ಗೆ ನನಗೆ ಸ್ವಲ್ಪ ಬಿಗುಮಾನವಿದೆ. ಭಟ್ಕಳದ ಮಲ್ಲಿಗೆ ತಲೆಗೆ ಚಂದ, ಸುರಗಿ ಒಣಗಿಸಿ ಬಟ್ಟೆಯ ಮಡಿಕೆಯಲ್ಲಿಡಲು ಚಂದ. ಗಮಗಮಿಸುವ ಹೂವನ್ನು ಅನ್ನದ ಪಕ್ಕ ಇಟ್ಟರೆ ಎರಡರ ಪರಿಮಳವೂ ಕೆಡುತ್ತದೆ. ನೆಂಟರು ಕೈತೊಳೆಯುವ ಕಡೆ, ಚಿಲಮಚಿಯ ಪಕ್ಕದ ಬಟ್ಟಲಲ್ಲಿ ನಾಲ್ಕು ಮೊಗ್ಗು ತೇಲಿಬಿಡಿ. ಹಾಸಿನ ನಡುವೆ ಪುದೀನಾ ಕಟ್ಟು, ಹೋಳು ಮಾಡಿದ ನಿಂಬೆ, ಮಾವಿನಹಣ್ಣಿನ ಬುಟ್ಟಿ ಸಾಕು. ಊಟ ಮುಗಿಯುವಾಗ ಅಲಂಕಾರವೂ ಹೊಟ್ಟೆ ಸೇರಿರುತ್ತದೆ.

ಎಲ್ಲರೊಂದಿಗೆ ನೀವೂ ಕೂರಬೇಕಾದರೆ ಅಡುಗೆಯೂ ಅದಕ್ಕೆ ತಕ್ಕಂತಿರಬೇಕು. ಬಿಸಿಬಿಸಿ ಪೂರಿ, ಪರೋಟಾ ಎಂದರೆ ಒಬ್ಬರು ಒಲೆಯ ಮುಂದೆ ನಿಂತಿರಲೇಬೇಕು. ಸೆಕೆಗಾಲದಲ್ಲಿ ಅದು ಶಿಕ್ಷೆ. ದಮ್ ಕಟ್ಟಿದ ಒಂದು ಪಾತ್ರೆ, ಮೊಸರಿನ ಕಚಂಬರ್, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಬೆಳಿಗ್ಗೆಯೇ ಮುಗಿಯುವ ಕೆಲಸ. ಎಲ್ಲವನ್ನೂ ಒಮ್ಮೆಗೇ ಹಾಸಿನ ಮೇಲೆ ತಂದಿಟ್ಟು, ನೀರಿನ ಹೂಜಿ ಎರಡು ಕಡೆ ಇಟ್ಟುಬಿಟ್ಟರೆ ಬಡಿಸಲು ಯಾರೂ ನಿಲ್ಲಬೇಕಿಲ್ಲ. ಮಗನ ಕೈಗೆ ಒಂದು ಹೂಜಿ ಕೊಟ್ಟರೂ ತಪ್ಪಿಲ್ಲ.

ರಾತ್ರಿಯ ಊಟವಾದರೆ ಇನ್ನೊಂದು ಮಾತು. ಮೇ ತಿಂಗಳಲ್ಲಿ ಸಂಜೆ ಗುಡುಗಿ ಮೊದಲ ಮಳೆ ಬಿದ್ದರೆ ಕರೆಂಟು ಹೋಗುವುದು, ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತುವುದು ಎರಡೂ ಒಟ್ಟಿಗೆ. ಹಾಸಿನ ನಡುವೆ ಮೇಣದಬತ್ತಿ ಹಚ್ಚಿದರೆ ಹುಳುಗಳೆಲ್ಲ ಬಿರಿಯಾನಿಗೇ ಬೀಳುತ್ತವೆ. ಒಂದು ಪ್ರಖರ ದೀಪವನ್ನು ಅಂಗಳದ ಮೂಲೆಯಲ್ಲಿ ನೀರಿನ ಬೋಗುಣಿಯ ಮೇಲೆ ತೂಗುಹಾಕಿ, ಒಳಗೆ ಮಂದ ಬೆಳಕಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಹುಳುಗಳ ಆರ್ಭಟ ಇಳಿಯುತ್ತದೆ, ಅಷ್ಟರವರೆಗೆ ಎಲ್ಲರಿಗೂ ಮುರುಗಲು ಶರಬತ್ತು ಕೊಟ್ಟು ಮಾತಾಡಿಸುತ್ತಿರಿ.