ಕಡಿಮೆ ಅಂಕ ಅಳಿಸಿಹೋಗುವುದಿಲ್ಲ, ಆದರೆ ಸರಿದೂಗಿಸಬಹುದು

ಅಕೌಂಟೆನ್ಸಿ ಓದುವ ನಮಗೆಲ್ಲ ಗೊತ್ತಿರುವ ವಿಷಯದಿಂದಲೇ ಶುರು ಮಾಡುತ್ತೇನೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂಟ್ರಿ ಬಿದ್ದರೆ ಅದನ್ನು ರಬ್ಬರಿನಿಂದ ಉಜ್ಜುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಅದು ಇದ್ದಲ್ಲೇ ಇರುತ್ತದೆ. ಅದರ ಪರಿಣಾಮ ಸರಿಮಾಡಲು ಇನ್ನೊಂದು ಎಂಟ್ರಿ ಬರೆಯುತ್ತೇವೆ, ಯಾಕೆ ಬರೆದೆವು ಎಂದು ಕೆಳಗೆ ಒಂದು ಸಾಲು ವಿವರಣೆ ಕೊಡುತ್ತೇವೆ. ಡಿಗ್ರಿಯಲ್ಲಿ ಅಂಕ ಕಡಿಮೆ ಬಂದವರು ಎಂಬಿಎಗೆ ಅರ್ಜಿ ಹಾಕುವಾಗ ಮಾಡಬೇಕಾದದ್ದೂ ಇಷ್ಟೇ ಎಂಬುದು ನನ್ನ ಅಭಿಪ್ರಾಯ.

ಪಿಯುಸಿ ಓದುವವಳಿಗೆ ಎಂಬಿಎ ಚಿಂತೆ ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ನನ್ನ ಚಾಚಾ ಅವರ ಮಗಳು. ನಾನು ಆಪಾ ಎಂದು ಕರೆಯುತ್ತೇನೆ. ಹತ್ತನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಆಪಾ ಬಿ.ಕಾಂ. ಮುಗಿಸಿದ್ದು ಶೇಕಡಾ 56ರಲ್ಲಿ. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಇಂಗ್ಲಿಷ್ ಪುಸ್ತಕ ಅರ್ಥ ಮಾಡಿಕೊಳ್ಳುವುದರಲ್ಲೇ ಸಮಯ ಹೋಯಿತು. ಅದೇ ವರ್ಷ ದಾದಿ ಹಾಸಿಗೆ ಹಿಡಿದರು, ನೋಡಿಕೊಳ್ಳುವ ಕೆಲಸ ಮನೆಯ ಹೆಣ್ಣುಮಕ್ಕಳ ಮೇಲೆ ಬಿತ್ತು. ಕೊನೆಯ ಎರಡು ಸೆಮಿಸ್ಟರ್‌ಗಳಲ್ಲಿ ಆಪಾಗೆ ಶೇಕಡಾ 70ಕ್ಕಿಂತ ಹೆಚ್ಚು ಬಂದಿದೆ. ಆದರೆ ಮನೆಯಲ್ಲಿ ಎಲ್ಲರೂ ನೋಡುವುದು 56ನ್ನು ಮಾತ್ರ. "ಹೋಗಯಾ ಸೋ ಹೋಗಯಾ, ಎಂಬಿಎ ಆಸೆ ಬಿಡು" ಎಂದು ಹಿರಿಯರು ಹೇಳಿಬಿಟ್ಟರು. ರಿಶ್ತೆಯ ಮಾತು ಶುರುವಾಯಿತು. ಎರಡನೆಯ ಕಾರಣ, ಎಂಬಿಎ ಸೀಟಿನ ಲೆಕ್ಕದಲ್ಲಿ ಡಿಗ್ರಿ ಅಂಕಗಳ ಜೊತೆ ನಮ್ಮ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಗಳೂ ಕೂತಿರುತ್ತವೆ. ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲು, ಬಾಗಿಲು ನಿಜವಾಗಿ ಮುಚ್ಚಿದೆಯೇ ನೋಡೋಣ. ಐಐಎಂಗಳ ಪ್ರವೇಶಕ್ಕೆ ಬರೆಯುವ ಕ್ಯಾಟ್ ಪರೀಕ್ಷೆಗೆ ಡಿಗ್ರಿಯಲ್ಲಿ ಶೇಕಡಾ 50 ಇದ್ದರೆ ಸಾಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 45 ಸಾಕು. ನಮ್ಮ ರಾಜ್ಯದ ಕಾಲೇಜುಗಳ ಎಂಬಿಎ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಗೂ ಸಾಮಾನ್ಯ ವರ್ಗಕ್ಕೆ 50ರ ಗೆರೆಯೇ ಇದೆ. ಅಂದರೆ 56 ಬಂದವರು ಗೆರೆಯ ಒಳಗೇ ಇದ್ದಾರೆ. ಸೀಟು ಸಿಗುತ್ತದೆ ಎಂದು ಇದರ ಅರ್ಥವಲ್ಲ. ಪರೀಕ್ಷೆಗೆ ಕೂರಬಹುದು ಎಂದಷ್ಟೇ ಅರ್ಥ. ಆದರೆ ನಮ್ಮ ಮನೆಗಳಲ್ಲಿ ಎಷ್ಟೋ ಕನಸುಗಳು ಈ ಗೆರೆ ಎಲ್ಲಿದೆ ಎಂದು ವಿಚಾರಿಸುವ ಮೊದಲೇ ಮುಗಿದುಹೋಗುತ್ತವೆ.

ಗೆರೆ ದಾಟಿದ ಮೇಲೆ ನಿಜವಾದ ಲೆಕ್ಕ ಶುರುವಾಗುತ್ತದೆ. ಅಹಮದಾಬಾದ್ ಮತ್ತು ಬೆಂಗಳೂರು ಐಐಎಂಗಳು ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಅಂಕದ ಜೊತೆಗೆ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಡಿಗ್ರಿ ಅಂಕಗಳು ಮತ್ತು ಕೆಲಸದ ಅನುಭವವನ್ನು ಸೇರಿಸಿ ನೋಡುತ್ತವೆ. ಯಾವುದಕ್ಕೆ ಎಷ್ಟು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಪ್ರತಿ ಸಂಸ್ಥೆಯೂ ತನ್ನ ಪ್ರವೇಶ ನೀತಿಯನ್ನು ಪ್ರಕಟಿಸುತ್ತದೆ, ಯಾರು ಬೇಕಾದರೂ ಓದಬಹುದು.

ಲೆಕ್ಕ ಹೇಗೆ ಎಂದು ತಿಳಿಯಲು ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಒಟ್ಟು 100 ಅಂಕ. ಪ್ರವೇಶ ಪರೀಕ್ಷೆಗೆ 60, ಹತ್ತನೇ ತರಗತಿ, ಪಿಯುಸಿ, ಡಿಗ್ರಿ, ಕೆಲಸದ ಅನುಭವ ಇವಕ್ಕೆ ತಲಾ 10. ಡಿಗ್ರಿಯಲ್ಲಿ ಒಬ್ಬರಿಗೆ ಶೇಕಡಾ 85, ಇನ್ನೊಬ್ಬರಿಗೆ 55, ಉಳಿದದ್ದೆಲ್ಲ ಸಮ ಎಂದುಕೊಳ್ಳಿ. ಇಬ್ಬರ ನಡುವಿನ ಅಂತರ ಬರೀ 3 ಅಂಕ. ಪ್ರವೇಶ ಪರೀಕ್ಷೆಯಲ್ಲಿ ಶೇಕಡಾ 5 ಹೆಚ್ಚು ತಂದರೆ ಅದು ಮುಚ್ಚಿಹೋಗುತ್ತದೆ. ಆದರೆ ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ 55 ಆಗಿದ್ದರೆ ಅಂತರ 9 ಅಂಕ. ಅದನ್ನು ಮುಚ್ಚಲು ಪ್ರವೇಶ ಪರೀಕ್ಷೆಯಲ್ಲಿ ಶೇಕಡಾ 15 ಹೆಚ್ಚು ಬೇಕು. ಅಷ್ಟು ಕಠಿಣ ಸ್ಪರ್ಧೆಯಲ್ಲಿ ಅದು ಸಣ್ಣ ಮಾತಲ್ಲ. ಸಂಸ್ಥೆಗಳ ನಿಜವಾದ ಸೂತ್ರ ಇದಕ್ಕಿಂತ ಜಟಿಲ, ಆದರೆ ಪಾಠ ಇದೇ. ಒಂದು ಕಡೆಯ ನಷ್ಟ ತುಂಬಬಹುದು, ಎಲ್ಲ ಕಡೆ ನಷ್ಟವಾದರೆ ತುಂಬುವುದು ಬಹಳ ಕಷ್ಟ.

ಇಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವಿದೆ. ಹತ್ತು ಮತ್ತು ಹನ್ನೆರಡರ ಶೇಕಡಾವಾರು ಲೆಕ್ಕಕ್ಕೆ ಐಐಎಂಗಳು ಅಂಕಪಟ್ಟಿಯ ಎಲ್ಲ ವಿಷಯಗಳನ್ನೂ ತೆಗೆದುಕೊಳ್ಳುತ್ತವೆ. ನಮ್ಮಲ್ಲಿ "ಅಕೌಂಟ್ಸ್, ಬಿಸಿನೆಸ್ ಸ್ಟಡೀಸ್ ಬಂದರೆ ಸಾಕು, ಭಾಷೆ ಪಾಸಾದರೆ ಆಯಿತು" ಎನ್ನುವವರೇ ಹೆಚ್ಚು. ಪಿಯುಸಿಯ 600 ಅಂಕಗಳಲ್ಲಿ 200 ಭಾಷೆಗಳದ್ದು. ಉರ್ದುವೋ ಕನ್ನಡವೋ ಹಿಂದಿಯೋ, ಅದರಲ್ಲಿ ಕಳೆದುಕೊಂಡ 30 ಅಂಕ ಐದು ವರ್ಷದ ನಂತರವೂ ನಿಮ್ಮ ಅರ್ಜಿಯಲ್ಲಿ ಕಾಣುತ್ತದೆ. ಈಗ ಇನ್ನೊಂದು ಅನುಕೂಲವೂ ಇದೆ. 2024ರಿಂದ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೆ ಬರೆದು, ಬಂದ ಅಂಕಗಳಲ್ಲಿ ಹೆಚ್ಚಿನದನ್ನು ಉಳಿಸಿಕೊಳ್ಳಬಹುದು. ಪಾಸಾದವರು ಮತ್ತೆ ಬರೆಯುವುದನ್ನು ಅವಮಾನ ಎಂದು ನಮ್ಮ ಮನೆಗಳಲ್ಲಿ ತಿಳಿಯುತ್ತಾರೆ. ಅದು ಅವಮಾನವಲ್ಲ, ಇರುವ ಹಕ್ಕು.

ಸರಿ, ಡಿಗ್ರಿ ಅಂಕ ಈಗಾಗಲೇ ಬಿದ್ದುಹೋಗಿದೆ. ಆಮೇಲೇನು? ಮುಖ್ಯವಾಗಿ ನಾಲ್ಕು ದಾರಿಗಳು ನನಗೆ ಕಾಣುತ್ತವೆ.

ಮೊದಲನೆಯದು ಪ್ರವೇಶ ಪರೀಕ್ಷೆ. ಕ್ಯಾಟ್‌ನಲ್ಲಿ ಮೂರು ಭಾಗಗಳಿವೆ: ಇಂಗ್ಲಿಷ್ ಓದು ಮತ್ತು ಗ್ರಹಿಕೆ, ದತ್ತಾಂಶ ಮತ್ತು ತರ್ಕ, ಗಣಿತ. ಗಣಿತದ ಬಹುಪಾಲು ನಾವು ಹೈಸ್ಕೂಲಿನಲ್ಲಿ ಓದಿದ ಶೇಕಡಾ, ಅನುಪಾತ, ಬೀಜಗಣಿತ, ರೇಖಾಗಣಿತದ ಮೇಲೆಯೇ ನಿಂತಿದೆ. ವಿದೇಶದ ಕಾಲೇಜುಗಳು ಮತ್ತು ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಒಪ್ಪುವ ಜಿಮ್ಯಾಟ್ ಈಗ ಮೂರು ಭಾಗ, 64 ಪ್ರಶ್ನೆ, ಎರಡೂಕಾಲು ಗಂಟೆಯ ಪರೀಕ್ಷೆ. ಅದರ ಅಂಕ 5 ವರ್ಷ ಚಾಲ್ತಿಯಲ್ಲಿರುತ್ತದೆ. ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಡಿಮೆ ಬಂದವರು ಇಲ್ಲಿ ಗಣಿತದಲ್ಲಿ ಚೆನ್ನಾಗಿ ಮಾಡಿದರೆ, ಹಳೆಯ ಅಂಕ ಅವರ ಬುದ್ಧಿಯ ಅಳತೆಯಲ್ಲ ಎಂದು ತೋರಿಸಿದಂತೆ.

ಎರಡನೆಯದು ಹೊಸ ಓದಿನ ದಾಖಲೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಕೋರ್ಸ್‌ಗಳನ್ನು ಉಚಿತವಾಗಿ ಓದಬಹುದು, ಶುಲ್ಕ ಕಟ್ಟಿ ಪರೀಕ್ಷೆ ಬರೆದರೆ ಪ್ರಮಾಣಪತ್ರ ಸಿಗುತ್ತದೆ. ಅಲ್ಲಿನ ಮ್ಯಾನೇಜ್‌ಮೆಂಟ್ ವಿಷಯಗಳನ್ನು ನೋಡಿಕೊಳ್ಳುವುದು ಬೆಂಗಳೂರು ಐಐಎಂ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ವಿಭಾಗ 'ಕೋರ್' ಎಂಬ ಕೋರ್ಸ್‌ನಲ್ಲಿ ಬಿಸಿನೆಸ್ ಅನಲಿಟಿಕ್ಸ್, ಅರ್ಥಶಾಸ್ತ್ರ, ಫೈನಾನ್ಷಿಯಲ್ ಅಕೌಂಟಿಂಗ್ ಕಲಿಸುತ್ತದೆ. ಅದು ದುಬಾರಿ, ನಮ್ಮಂಥವರಿಗೆ ಸ್ವಯಂ ಹತ್ತಿರ. ಯಾವುದೇ ಇರಲಿ, ಯಾವ ವಿಷಯದಲ್ಲಿ ಬಿದ್ದೆವೋ ಅದೇ ವಿಷಯವನ್ನು ಮತ್ತೆ ಓದಿ ಪರೀಕ್ಷೆ ಬರೆಯಬೇಕು. ಅಕೌಂಟ್ಸ್‌ನಲ್ಲಿ 40 ಬಂದವರು ಪರ್ಸನಾಲಿಟಿ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತಂದರೆ ಏನೂ ಸರಿಹೋಗುವುದಿಲ್ಲ. ಸಿಎ ಮುಗಿಸಿದವರಿಗೂ ನಿಗದಿತ ಅಂಕವಿದ್ದರೆ ಕ್ಯಾಟ್ ಬರೆಯುವ ಅರ್ಹತೆ ಇದೆ ಎಂಬುದನ್ನು ಕಾಮರ್ಸ್‌ನವರು ನೆನಪಿಡಬೇಕು.

ಮೂರನೆಯದು ಕೆಲಸ. ಆಪಾ ಈಗ ಒಬ್ಬ ಆಡಿಟರ್ ಬಳಿ ಜಿಎಸ್‌ಟಿ ರಿಟರ್ನ್ ಸಿದ್ಧಪಡಿಸುತ್ತಾರೆ. ಡಿಗ್ರಿಯ ನಂತರ ಪೂರ್ಣಾವಧಿಯಲ್ಲಿ ಮಾಡಿದ ಇಂಥ ಕೆಲಸಕ್ಕೆ ಬೆಲೆಯಿದೆ, ನೇಮಕ ಪತ್ರ ಮತ್ತು ಸಂಬಳದ ದಾಖಲೆ ಇದ್ದರೆ. ನಮ್ಮಲ್ಲಿ ಎಷ್ಟೋ ಹುಡುಗರು ಅಬ್ಬಾನ ಅಂಗಡಿಯಲ್ಲಿ ಕೂತು ಉದ್ರಿ ಖಾತೆ, ಸ್ಟಾಕು, ವಸೂಲಿ ಎಲ್ಲ ನಿಭಾಯಿಸುತ್ತಾರೆ. ಓದುವಾಗಲೇ ಮಾಡಿದ ಆ ದುಡಿಮೆಯನ್ನು ಬಹಳ ಕಾಲೇಜುಗಳು ಅನುಭವ ಎಂದು ಅಂಕ ಕೊಡುವುದಿಲ್ಲ. ಆದರೆ ಸಂದರ್ಶನದಲ್ಲಿ, ಪ್ರಬಂಧದಲ್ಲಿ ಅದನ್ನು ಹೇಳಬಹುದು. "ಅಂಗಡಿ ನೋಡಿಕೊಂಡೆ" ಎಂದರೆ ಸಾಲದು. ಎಷ್ಟು ಉದ್ರಿ ಬಾಕಿ ಇತ್ತು, ಏನು ಮಾಡಿದೆ, ಎಷ್ಟು ವಸೂಲಾಯಿತು ಎಂದು ಹೇಳಬೇಕು.

ನಾಲ್ಕನೆಯದು ವಿವರಣೆ. ಅಮೆರಿಕದ ಹಲವು ಬಿಸಿನೆಸ್ ಸ್ಕೂಲ್‌ಗಳ ಅರ್ಜಿಯಲ್ಲಿ ಕಡ್ಡಾಯವಲ್ಲದ ಒಂದು ಪ್ರಬಂಧಕ್ಕೆ ಜಾಗ ಇರುತ್ತದೆ. ಕಡಿಮೆ ಅಂಕಕ್ಕೆ ಕಾರಣ ಹೇಳಲು ಅದೇ ಸರಿಯಾದ ಜಾಗ. ಅಲ್ಲಿನವರು ಒಟ್ಟು ಅಂಕದ ಜೊತೆ ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಅಂಕ ಏರಿದೆಯೋ ಇಳಿದಿದೆಯೋ ಎಂದೂ ನೋಡುತ್ತಾರೆ. ವಿವರಣೆ ಚಿಕ್ಕದಿರಬೇಕು: ಏನಾಯಿತು, ಆಮೇಲೆ ಏನು ಬದಲಾಯಿತು, ಅದಕ್ಕೆ ಪುರಾವೆ ಏನು. ಕಣ್ಣೀರು ಬೇಡ, ಲೆಕ್ಚರರ್ ಮೇಲೆ ದೂರು ಬೇಡ.

ಇದಕ್ಕೆ ಒಂದು ಆಕ್ಷೇಪವಿದೆ, ನನ್ನ ಗೆಳತಿಯೇ ಎತ್ತಿದ್ದು. "ಕಷ್ಟಪಟ್ಟು 85 ತಂದವಳಿಗೆ ಅನ್ಯಾಯ ಅಲ್ವಾ? ಕಥೆ ಚೆನ್ನಾಗಿ ಹೇಳುವವರು ಗೆದ್ದುಬಿಡುತ್ತಾರೆ." ಈ ಮಾತಿನಲ್ಲಿ ನ್ಯಾಯವಿದೆ. 85 ತಂದವರ ಮನೆಯಲ್ಲೂ ಕಷ್ಟ ಇದ್ದಿರಬಹುದು. ಅದಕ್ಕೇ ನಾನು ವಿವರಣೆಯನ್ನು ಕೊನೆಯಲ್ಲಿ ಇಟ್ಟಿದ್ದೇನೆ. ಮೊದಲ ಮೂರು ಇಲ್ಲದೆ ನಾಲ್ಕನೆಯದು ಬರೀ ನೆಪ. ಮೂರೂ ಇದ್ದಮೇಲೂ ವಿವರಣೆಗೆ ಕಿವಿಗೊಡದಿದ್ದರೆ ಅದೂ ಅನ್ಯಾಯವೇ.

ನಮ್ಮ ದೇಶದ ಪದ್ಧತಿಯ ಬಗ್ಗೆ ನನ್ನ ತಕರಾರು ಇಲ್ಲಿದೆ. ಹದಿನೈದು, ಹದಿನಾರನೇ ವಯಸ್ಸಿನಲ್ಲಿ ಬರೆದ ಪರೀಕ್ಷೆಯ ಅಂಕ ಇಪ್ಪತ್ಮೂರನೇ ವಯಸ್ಸಿನ ಅರ್ಜಿಯಲ್ಲೂ ಹಿಂಬಾಲಿಸುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು ಎಂದು ದಾಟಿ ಬಂದವರಿಗೆ ಮೊದಲ ವರ್ಷ ಬಿದ್ದು ಏಳುವುದು ಸಹಜ. ಮೊದಲ ಸುತ್ತಿನ ಆಯ್ಕೆ ಬರೀ ಸೂತ್ರದಿಂದ ನಡೆದರೆ ಅವರ ಮಾತು ಕೇಳುವವರೇ ಇರುವುದಿಲ್ಲ. ಸಂದರ್ಶನಕ್ಕೆ ಕರೆ ಬಂದರೆ ತಾನೇ ವಿವರಿಸುವುದು? ಹತ್ತನೇ ತರಗತಿಯ ತೂಕ ಇಳಿಸಿ, ಸೆಮಿಸ್ಟರ್‌ಗಳಲ್ಲಿ ಅಂಕ ಏರಿದ್ದಕ್ಕೆ ಸ್ವಲ್ಪವಾದರೂ ತೂಕ ಕೊಡಬೇಕು ಎಂಬುದು ನನ್ನ ವಾದ.

ಅಡ್ಡದಾರಿಗಳ ಬಗ್ಗೆಯೂ ಒಂದು ಮಾತು. ದುಡ್ಡು ಕೊಟ್ಟರೆ ಅನುಭವದ ಪತ್ರ ಕೊಡುವವರು, ಮನೆ ಅಡವಿಟ್ಟು ದುಬಾರಿ ಸೀಟು ತೆಗೆದುಕೊಳ್ಳಿ ಎನ್ನುವ ಏಜೆಂಟರು ಎಲ್ಲ ಊರಿನಲ್ಲೂ ಇದ್ದಾರೆ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಸೀಟೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಒಂದು ವರ್ಷ ತಡವಾದರೂ ಪರವಾಗಿಲ್ಲ, ಮತ್ತೆ ತಯಾರಿ ಮಾಡಿ ಬರೆಯುವುದೇ ಮೇಲು.

ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ವಿನಂತಿ. ಪ್ರಥಮ ಪಿಯುಸಿಯಲ್ಲೇ ಒಂದು ತರಗತಿ ತೆಗೆದುಕೊಂಡು, ಎಂಬಿಎ, ಸಿಎ ಎರಡಕ್ಕೂ ಈ ಅಂಕಗಳು ಎಲ್ಲೆಲ್ಲಿ ಲೆಕ್ಕಕ್ಕೆ ಬರುತ್ತವೆ ಎಂದು ತಿಳಿಸಿಕೊಡಿ. ಪೋಷಕರ ಸಭೆಯಲ್ಲಿ ಅದನ್ನೇ ಕನ್ನಡದಲ್ಲೂ ಉರ್ದುವಿನಲ್ಲೂ ಹೇಳಿ, ಯಾಕೆಂದರೆ "ಓದು ಸಾಕು" ಎಂಬ ತೀರ್ಮಾನ ಆಗುವುದು ತರಗತಿಯಲ್ಲಲ್ಲ, ಮನೆಯಲ್ಲಿ. ಆಪಾಳ ಅಂಕಪಟ್ಟಿಯನ್ನು ಯಾರಾದರೂ ಮೊದಲ ಸೆಮಿಸ್ಟರಿನಿಂದ ಕೊನೆಯ ಸೆಮಿಸ್ಟರಿನವರೆಗೆ ಓದಿದ್ದರೆ, ಚಾಚಾ ಇಷ್ಟು ಬೇಗ ತೀರ್ಮಾನ ಮಾಡುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಈ ಲೇಖನ ಅಚ್ಚಾದ ಮೇಲೆ ಅದನ್ನು ಚಾಚಾಗೆ ಓದಿ ಹೇಳುವ ಕೆಲಸ ನನ್ನದು.