ದ್ವೀಪಕ್ಕೆ ಪ್ರವಾಸ ಹೋಗುವುದಾದರೆ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಪ್ರವಾಸದ ಪ್ರಬಂಧದಲ್ಲಿ ಬರೆಯದ ವಿದ್ಯಾರ್ಥಿಯನ್ನು ನಾವು ಕಂಡಿಲ್ಲ. ಗಾದೆ ಹೇಳುವುದು ಎರಡು ಕೆಲಸಗಳನ್ನು. ನಾವು ಮಾತ್ರ ಅವೆರಡನ್ನೂ ಬೇರೆ ಬೇರೆ ಮಾಡಿಬಿಟ್ಟಿದ್ದೇವೆ. ಓದುವಾಗ ಸುತ್ತುವುದಿಲ್ಲ; ಸುತ್ತುವಾಗ ಓದುವುದಿಲ್ಲ. ಬಸ್ಸು ಗೊತ್ತು ಮಾಡಿ, ಎರಡು ದಿನಗಳಲ್ಲಿ ಎಂಟು ಸ್ಥಳಗಳನ್ನು ನೋಡಿ ಬಂದ ಮಕ್ಕಳನ್ನು “ಏನು ಕಂಡಿರಿ?” ಎಂದು ಕೇಳಿದರೆ, ಬಸ್ಸಿನಲ್ಲಿ ಹಾಡಿದ ಹಾಡು ಮತ್ತು ದಾರಿಯಲ್ಲಿ ತಿಂದ ತಿಂಡಿಯ ನೆನಪಿನ ಹೊರತು ಬೇರೆ ಉತ್ತರ ದೊರೆಯುವುದು ಕಷ್ಟ. ಇದು ಮಕ್ಕಳ ತಪ್ಪಲ್ಲ. ಹೊರಡುವ ಮೊದಲು ಅವರಿಗೆ ಕೇಳಲು ಕಲಿಸಬೇಕಾಗಿದ್ದ ಪ್ರಶ್ನೆಗಳನ್ನು ಹಿರಿಯರು ಕಲಿಸದೆ ಹೋದುದರ ಫಲ.

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿ ಕೊಟ್ಟ ಚಿತ್ರಗಳು ಪ್ರಕಟವಾದ ಮೇಲೆ ಆ ದ್ವೀಪಗಳ ಹೆಸರು ಮನೆಮನೆಯ ಮಾತಾಯಿತು. ನೀಲಿ ನೀರು, ಬಿಳಿ ಮರಳು, ಬಗೆಬಗೆಯ ಮೀನಿನ ಅಡುಗೆ, ಇವುಗಳ ಆಕರ್ಷಣೆ ಸಹಜವೇ. ನಮ್ಮ ಕಾಸರಗೋಡಿನ ಮಕ್ಕಳೂ “ನಾವು ಯಾವಾಗ ಹೋಗುವುದು?” ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಹೋಗಬೇಕು. ಆದರೆ ‘ನಮಗೆ ಏನೇನು ಸಿಗುತ್ತದೆ’ ಎಂಬ ಪಟ್ಟಿಯಿಂದ ಯೋಜನೆ ಆರಂಭವಾಗಬಾರದು. ‘ಆ ದ್ವೀಪಕ್ಕೆ ಏನು ಕೊಡಲು ಸಾಧ್ಯ, ಏನು ಸಾಧ್ಯವಿಲ್ಲ’ ಎಂಬ ಪ್ರಶ್ನೆಯಿಂದ ಆರಂಭವಾಗಬೇಕು.

ಲಕ್ಷದ್ವೀಪ ನಮಗೆ ಪರದೇಶವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳಿಗೆ ಅಮೀನ್‌ದಿವಿ ದ್ವೀಪಗಳೆಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇವು ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದವು. 1799ರಲ್ಲಿ ಅವನು ಮಡಿದ ಮೇಲೆ ಇಂಗ್ಲಿಷ್ ಕಂಪೆನಿಯ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. ದಕ್ಷಿಣದ ದ್ವೀಪಗಳು ಮಲಬಾರಿನೊಂದಿಗಿದ್ದವು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಅದೇ ದಿನ ಅಮೀನ್‌ದಿವಿ ದ್ವೀಪಗಳೂ ಅದೇ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಒಂದೇ ಮನೆಯಿಂದ ಒಂದೇ ದಿನ ಹೊರಬಂದ ಇಬ್ಬರು ಮಕ್ಕಳು ನಾವು. ನಮ್ಮ ಅಗಲಿಕೆಯ ಕಥೆಯನ್ನು ಪ್ರತಿ ವರ್ಷವೂ ಹೇಳಿಕೊಳ್ಳುತ್ತೇವೆ. ಜತೆಯಲ್ಲಿ ಅಗಲಿದವರನ್ನು ಮಾತ್ರ ಮರೆತೇಬಿಟ್ಟಿದ್ದೇವೆ.

ಈ ಸಂಬಂಧ ಕಾಗದಪತ್ರದ್ದು ಮಾತ್ರವಲ್ಲ, ಅನ್ನದ್ದೂ ಹೌದು. ದ್ವೀಪಗಳಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಹಿಂದೆ ಅಮೀನ್‌ದಿವಿಯವರು ತಾವು ಹೊಸೆದ ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತರುತ್ತಿದ್ದರು. ಆ ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು. ಅದಕ್ಕೆ ಬದಲಾಗಿ ಅವರಿಗೆ ಅಕ್ಕಿ ದೊರೆಯುತ್ತಿತ್ತು. ದರವನ್ನು ನಿರ್ಧರಿಸುವವರು ಕೊಳ್ಳುವವರೇ ಆದಾಗ ಮಾರುವವನ ಪಾಡೇನೆಂಬುದನ್ನು ಯಾರೂ ಊಹಿಸಬಹುದು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಸರಕಿನ ಮಂಜಿಗಳು ದ್ವೀಪಗಳಿಗೆ ಹೋಗುತ್ತವೆ. ತರಕಾರಿ, ಸಿಮೆಂಟು, ಜಲ್ಲಿ, ಎಲ್ಲವೂ ನೆಲದಿಂದ ನೀರು ದಾಟಿಯೇ ಹೋಗಬೇಕು. ಅಲ್ಲಿ ಒಂದು ಟೊಮೇಟೊ ಎಸೆಯುವುದೂ ಇಲ್ಲಿ ಎಸೆಯುವುದೂ ಒಂದೇ ಅಲ್ಲ.

ಯಾವ ದ್ವೀಪಕ್ಕೆ ಹೋಗುವುದು? ಲೆಕ್ಕಕ್ಕೆ 36 ದ್ವೀಪಗಳು. ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಎಲ್ಲ ಕೂಡಿ 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ 64,473 ಜನ. ಹಗಲು ಒಂದೊಂದು ದ್ವೀಪ, ರಾತ್ರಿ ಹಡಗು ಎಂದು ಐದು ದಿನಗಳಲ್ಲಿ ಮೂರು ದ್ವೀಪ ತೋರಿಸುವ ಯೋಜನೆಗಳೂ ನಡೆದುಬಂದಿವೆ. ಅವು ಕೆಟ್ಟವೆಂದು ಹೇಳೆವು. ಆದರೆ ಶಾಲೆಯ ಮಕ್ಕಳಿಗೆ ಮೂರು ದ್ವೀಪಗಳನ್ನು ಮುಟ್ಟಿ ಬರುವುದಕ್ಕಿಂತ ಒಂದು ದ್ವೀಪದಲ್ಲಿ ಮೂರು ದಿನ ನಿಲ್ಲುವುದು ಮೇಲು. ಹಳೆಯ ನಂಟನ್ನು ನೋಡಿದರೆ ಕಡಮತ್‌ಗೆ ಹೋಗಬೇಕು. ಕಲಿಕೆಯನ್ನು ನೋಡಿದರೆ ಎಲ್ಲಕ್ಕೂ ದಕ್ಷಿಣದಲ್ಲಿರುವ ಮಿನಿಕಾಯ್‌ಗೆ ಹೋಗಬೇಕು. ನಮ್ಮ ಮತ ಮಿನಿಕಾಯ್‌ಗೆ.

ಕಾರಣವಿದೆ. ಮಿನಿಕಾಯ್ ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್ ದೂರದ, ಅರ್ಧಚಂದ್ರಾಕಾರದ ದ್ವೀಪ. 1885ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ಆ ಊರಿನ ಜೀವನವೆಲ್ಲ ಒಂದು ಮೀನಿನ ಸುತ್ತ ನಡೆಯುತ್ತದೆ. ಅದು ನಮ್ಮವರು ಕೇದರ ಎಂದೂ ಮಲೆಯಾಳದವರು ಚೂರ ಎಂದೂ ಕರೆಯುವ ಟ್ಯೂನಾ. ಅದನ್ನು ಹಿಡಿಯುವ ಕ್ರಮವನ್ನು ಮಕ್ಕಳು ತಿಳಿಯಬೇಕು. ಮೊದಲು ಹವಳದ ದಿಬ್ಬದೊಳಗಿನ ಶಾಂತವಾದ ನೀರಿನಲ್ಲಿ ಬೆರಳುದ್ದದ ಸಣ್ಣ ಮೀನುಗಳನ್ನು ಬಲೆಯಿಂದ ಹಿಡಿದು, ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತವಾಗಿ ಇರಿಸುತ್ತಾರೆ. ಹೊರಗಡಲಿನಲ್ಲಿ ಕೇದರದ ಹಿಂಡು ಕಂಡೊಡನೆ ಈ ಸಣ್ಣ ಮೀನುಗಳನ್ನು ಎರಚುತ್ತಾರೆ. ದೋಣಿಯಿಂದ ನೀರನ್ನೂ ಚಿಮುಕಿಸುತ್ತಾರೆ. ಆಹಾರದ ಆಸೆಗೆ ಮೇಲೆ ಬಂದ ಮೀನನ್ನು ಉದ್ದನೆಯ ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುತ್ತಾರೆ. ಕಡಲನ್ನೇ ಗುಡಿಸುವ ದೊಡ್ಡ ಬಲೆ ಇಲ್ಲ. ಬೇಡದ ಮೀನು, ಆಮೆ ಸಿಕ್ಕಿ ಸಾಯುವುದು ಬಲು ಕಡಿಮೆ.

ಹಿಡಿದ ಮೀನನ್ನು ಸೀಳಿ, ಉಪ್ಪು ನೀರಿನಲ್ಲಿ ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ ಮರದ ತುಂಡಿನಷ್ಟು ಗಟ್ಟಿಯಾದ ‘ಮಾಸ್’ ಮಾಡುತ್ತಾರೆ. ಅದು ತಿಂಗಳುಗಟ್ಟಲೆ ಕೆಡದು. ಮಳೆಗಾಲದಲ್ಲಿ ದೋಣಿ ಇಳಿಯದ ದಿನಗಳಿಗೆ ಅದೇ ಆಸರೆ. ನಮ್ಮಲ್ಲಿ ಆಟಿ ತಿಂಗಳಿಗೆಂದು ಹಪ್ಪಳ, ಸಾಂತಣಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು ಕೂಡಿಡುತ್ತಿದ್ದ ಅಜ್ಜಿಯರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ತೆಂಗಿನ ಮರದಿಂದ ಇಳಿಸಿದ ಸಿಹಿ ನೀರಾದಿಂದ ದ್ವೀಪದವರು ಬೆಲ್ಲ ಮಾಡುತ್ತಾರೆ; ಹುಳಿ ಬರಿಸಿ ವಿನೆಗರ್ ಮಾಡುತ್ತಾರೆ; ತೆಂಗಿನ ತುರಿ ಮತ್ತು ಆ ಬೆಲ್ಲದಿಂದ ಉಂಡೆ ಕಟ್ಟುತ್ತಾರೆ. ನಮ್ಮ ಹಿತ್ತಿಲ ಜೀಗುಜ್ಜೆ ಅಲ್ಲಿಯೂ ಬೆಳೆಯುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಕೇದರ ಸಿಗಬೇಕಾದರೆ ಸಣ್ಣ ಮೀನು ಬೇಕು. ಸಣ್ಣ ಮೀನು ಇರಬೇಕಾದರೆ ಹವಳದ ದಿಬ್ಬ ಬದುಕಿರಬೇಕು. ಆ ಕಾಡು ಸೌಂದರ್ಯಕ್ಕೂ ಊಟದ ಬಟ್ಟಲಿಗೂ ನಡುವೆ ಬೇಲಿಯಿಲ್ಲ. ಕಡಲಿನ ನೀರು ಬಿಸಿಯೇರಿ 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳುಪೇರಿ ಬಹುವಾಗಿ ಸತ್ತವು. ಹಾಗಿದ್ದೂ ಉಳಿದಷ್ಟು ಉಳಿಯಲು ಒಂದು ಕಾರಣ, ಜನ ಹೊರಗಡಲಿನ ಕೇದರವನ್ನು ತಿಂದು ದಿಬ್ಬದ ಬಣ್ಣದ ಮೀನುಗಳನ್ನು ಹೆಚ್ಚು ಮುಟ್ಟದೆ ಇದ್ದುದು. ಹವಳದ ಮೇಲಿನ ಪಾಚಿಯನ್ನು ಮೇಯ್ದು ಅದನ್ನು ಶುಚಿಯಾಗಿಡುವವು ಆ ಬಣ್ಣದ ಮೀನುಗಳಲ್ಲಿ ಅನೇಕ. ಪ್ರವಾಸಿಗಳಾದ ನಾವು ಹೋಗಿ “ಆ ಬಣ್ಣದ ಮೀನನ್ನೇ ಸುಟ್ಟುಕೊಡಿ” ಎಂದು ಕೇಳಿದರೆ, ದುಡ್ಡು ಕೊಟ್ಟರೂ ಅದು ನ್ಯಾಯವಲ್ಲ. ದ್ವೀಪದವರು ತಮ್ಮ ಮನೆಯಲ್ಲಿ ಉಣ್ಣುವುದನ್ನೇ ನಾವೂ ಉಣ್ಣೋಣ. ಅದೇ ರುಚಿ, ಅದೇ ಮರ್ಯಾದೆ.

“ನಮ್ಮ ಮಕ್ಕಳು ಮೀನು ತಿನ್ನುವುದಿಲ್ಲ, ಅಲ್ಲಿ ಏನು ಮಾಡುವುದು?” ಎಂದು ಕೆಲವು ಹೆತ್ತವರು ಕೇಳುವುದು ಸಹಜ. ಅನ್ನ, ಬೇಳೆ, ತೆಂಗು, ಬಾಳೆ ಅಲ್ಲಿವೆ. ಸಸ್ಯಾಹಾರಿಗಳು ಎಷ್ಟು ಜನರೆಂಬುದನ್ನು ಊಟ ಒದಗಿಸುವವರಿಗೆ ಮೊದಲೇ ತಿಳಿಸಬೇಕು. ಹತ್ತು ಬಗೆಯ ಪಲ್ಯ ಸಿಗದು. ಮೂರು ದಿನ ಸರಳವಾಗಿ ಉಣ್ಣುವುದರಿಂದ ಯಾರೂ ಸೊರಗರು. ತಿನ್ನದವರು ತಿನ್ನುವವರ ತಟ್ಟೆ ನೋಡಿ ಮೂಗು ಮುರಿಯಬಾರದು. ತಿನ್ನುವವರು ತಿನ್ನದವರನ್ನು ಗೇಲಿ ಮಾಡಬಾರದು. ಪಂಕ್ತಿಯಲ್ಲಿ ಕುಳಿತು ಇಷ್ಟನ್ನು ಕಲಿತರೆ ಪ್ರವಾಸದ ಅರ್ಧ ಖರ್ಚು ಅಲ್ಲಿಗೇ ಸಾರ್ಥಕ.

ಅನ್ನದ ಮೇಲೆ ನೀರಿನ ಮಾತು. ಈ ದ್ವೀಪಗಳಲ್ಲಿ ಹೊಳೆಯಿಲ್ಲ, ತೋಡಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಅಡಿಯ ಉಪ್ಪು ನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಬಾವಿಯಿಂದ ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಅದಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರವನ್ನು ಸ್ಥಾಪಿಸಿದರು. ಮುಂದೆ ಮಿನಿಕಾಯ್, ಅಗತ್ತಿಗಳಲ್ಲೂ ಆಯಿತು. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಳವೇ ಕೆರೆಯಾಗುವುದನ್ನು ಕಂಡ ಮಕ್ಕಳಿಗೆ ಒಂದು ಬಾಲ್ದಿ ನೀರಿನಲ್ಲಿ ಸ್ನಾನ ಮುಗಿಸುವುದು ಕಷ್ಟವೆನಿಸಬಹುದು. ಹೊರಡುವ ಒಂದು ತಿಂಗಳ ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿರಿ. ಒಯ್ದ ಪ್ಲಾಸ್ಟಿಕ್ಕನ್ನು ಚೀಲದಲ್ಲಿ ತುಂಬಿ ಮರಳಿ ತರಬೇಕು; ಹವಳದ ತುಂಡನ್ನು ಮಾತ್ರ ತರಬಾರದು. ಅದು ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಪರಾಧವೂ ಹೌದು.

ಇನ್ನು ಮಾತಿನ ವಿಷಯ. ಮಿನಿಕಾಯ್ ಜನರ ಮನೆಮಾತು ಮಹಲ್. ಮಾಲ್ದೀವಿನ ಮಾತಿಗೆ ಅದು ಹತ್ತಿರ. ಅದರ ಲಿಪಿಯ ಹೆಸರು ತಾನಾ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಉಳಿದ ದ್ವೀಪಗಳಲ್ಲಿ ಆಡುವುದು ಜೆಸರಿ ಎಂಬ ಬಗೆಯ ಮಲೆಯಾಳ. ಮಿನಿಕಾಯ್ ಮಗು ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡುತ್ತಾ ಬೆಳೆಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲೆಯಾಳ ಆಡಿ, ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಅದು ಅಪರಿಚಿತವೇ? ಹತ್ತು ಸಾವಿರದಷ್ಟು ಜನ ತಮ್ಮ ಮಾತನ್ನು ಕಡಲ ನಡುವೆ ಕಾಪಾಡಿಕೊಂಡು ಬಂದಿದ್ದಾರೆ. “ಕನ್ನಡ ಓದಿದರೆ ಮುಂದೇನು?” ಎಂದು ಕೇಳುವ ಹೆತ್ತವರು ಅವರನ್ನು ಒಮ್ಮೆ ನೋಡಬೇಕು. ಅದೇ ರೀತಿ, ಮಲೆಯಾಳ ಕಲಿಯುವುದೆಂದರೆ ಕನ್ನಡಕ್ಕೆ ದ್ರೋಹವೆಂದು ತಿಳಿದ ಮಕ್ಕಳೂ ನೋಡಬೇಕು. ಆ ದ್ವೀಪದಲ್ಲಿ ನಮ್ಮನ್ನೂ ಅವರನ್ನೂ ಬೆಸೆಯುವುದು ಇಬ್ಬರೂ ಕಲಿತ ಮಲೆಯಾಳವೇ. ತಾಯಿಬೇರು ಗಟ್ಟಿಯಿದ್ದ ಮರಕ್ಕೆ ಕೊಂಬೆಗಳು ಭಾರವಲ್ಲ.

ಕಾರ್ಯಕ್ರಮದ ಬಗ್ಗೆ ನಮ್ಮ ಸೂಚನೆಗಳು ಕೆಲವೇ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರದವರೆಗೆ ಕಡಲು ಒರಟು. ಆದುದರಿಂದ ಓಣಂ ರಜೆ ಬೇಡ, ಕ್ರಿಸ್‌ಮಸ್ ರಜೆಯೇ ಸರಿ. ದ್ವೀಪದವರಲ್ಲದವರು ಪ್ರವೇಶಕ್ಕೆ ಅನುಮತಿ ಪತ್ರ ಪಡೆಯಬೇಕು. ಹಡಗಿನ ಸ್ಥಳಕ್ಕೂ ಕಾಯಬೇಕು. ಶಾಲೆ ತೆರೆಯುವ ಜೂನಿನಲ್ಲೇ ಕೆಲಸ ಆರಂಭವಾಗಲಿ. ಇಪ್ಪತ್ತು ಇಪ್ಪತ್ತೈದು ಜನರಿಗಿಂತ ಹೆಚ್ಚು ಬೇಡ. ಕೊಚ್ಚಿಯವರೆಗೆ ರೈಲು, ಮುಂದೆ ಹಡಗು. ಹಡಗಿನಲ್ಲಿ ತಲೆ ಸುತ್ತುವುದಕ್ಕೆ ವೈದ್ಯರ ಸಲಹೆ ಪಡೆದಿರಬೇಕು. ಪ್ರತಿ ವಿದ್ಯಾರ್ಥಿಯೂ ಒಂದು ವಿಷಯ ಆರಿಸಿಕೊಳ್ಳಲಿ: ನೀರು, ಮೀನು, ತೆಂಗು, ಭಾಷೆ, ಮನೆತನ. ಹೆಣ್ಣಿನ ಮೂಲಕ ಆಸ್ತಿ ಇಳಿದು ಬರುವ ಪದ್ಧತಿ ಆ ದ್ವೀಪಗಳಲ್ಲಿ ಇತ್ತೆಂಬುದನ್ನು ಅಳಿಯಸಂತಾನದ ತುಳುನಾಡಿನ ಮಕ್ಕಳು ವಿಚಾರಿಸದೆ ಬರಬಾರದು. ಮರಳಿದ ಮೇಲೆ ಪ್ರತಿಯೊಬ್ಬರೂ ಶಾಲಾ ಸಭೆಯಲ್ಲಿ ಹತ್ತು ನಿಮಿಷ ಮಾತನಾಡಲಿ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಹಣದ್ದು. ಉಳ್ಳವರ ಮಕ್ಕಳು ಮಾತ್ರ ಹೋಗುವ ಪ್ರವಾಸವನ್ನು ಶಾಲಾ ಪ್ರವಾಸವೆಂದು ಕರೆಯಲು ನಾವು ಒಪ್ಪುವುದಿಲ್ಲ. ಬೀಡಿ ಕಟ್ಟುವ ತಾಯಿಯ ಮಗಳು, ತೋಟದ ಕೆಲಸದವನ ಮಗ ಮನೆಯಲ್ಲಿ ಉಳಿಯುವಂತಾದರೆ ಹಡಗು ಹತ್ತದಿರುವುದೇ ಲೇಸು. ಪ್ರತಿ ವರ್ಷ ಮಾಡುವ ಸಣ್ಣ ಸಣ್ಣ ಪ್ರವಾಸಗಳನ್ನು ಬಿಟ್ಟು, ಎಂಟನೆಯ ತರಗತಿಯಿಂದಲೇ ತಿಂಗಳಿಗಿಷ್ಟು ಎಂದು ಕೂಡಿಸಿ, ಹತ್ತನೆಯ ತರಗತಿಯಲ್ಲಿ ಒಮ್ಮೆ ಹೋಗಬಹುದು. ಕೊರತೆಯನ್ನು ರಕ್ಷಕ-ಶಿಕ್ಷಕ ಸಂಘವೂ ಹಳೆ ವಿದ್ಯಾರ್ಥಿಗಳೂ ತುಂಬಬಹುದು. ಯಾರು ಹೋಗುವವರೆಂಬುದನ್ನು ಅಂಕಪಟ್ಟಿಯೂ ನಿರ್ಧರಿಸಬಾರದು, ಹಣದ ಚೀಲವೂ ನಿರ್ಧರಿಸಬಾರದು; ಚೀಟಿ ಎತ್ತಿ ನಿರ್ಧರಿಸೋಣ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇಡೀ ತರಗತಿಯನ್ನು ಒಂದು ದಿನ ಮಂಗಳೂರಿನ ಹಳೆ ಬಂದರಿಗೆ ಕರೆದೊಯ್ಯೋಣ. ದ್ವೀಪಕ್ಕೆ ಹೊರಡುವ ಮಂಜಿಗೆ ಏನೇನು ತುಂಬುತ್ತಾರೆ, ಎಷ್ಟು ಮೂಟೆ, ಯಾವ ಊರಿಗೆ ಎಂದು ಮಕ್ಕಳು ಕೇಳಿ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, ಇದರಲ್ಲಿ ಯಾವುದು ಇಲ್ಲದಿದ್ದರೆ ದ್ವೀಪದ ಒಲೆ ಉರಿಯದು ಎಂದು ಚರ್ಚಿಸೋಣ. ಪ್ರವಾಸದ ಮೊದಲ ಪಾಠ ಅದೇ. ಆ ಪಾಠವನ್ನು ಚೆನ್ನಾಗಿ ಕಲಿತವರು ಮುಂದೆ ಹಡಗು ಹತ್ತಿದರೆ, ಅವರನ್ನು ದ್ವೀಪದವರು ಬಂದುಹೋಗುವ ಪ್ರವಾಸಿಗಳೆಂದು ಎಣಿಸದೆ, ಬಹುಕಾಲದ ಮೇಲೆ ಮನೆಗೆ ಬಂದ ನೆಂಟರೆಂದು ಕಂಡಾರು.